ಎಲ್ಲಿಗೂ ಹೋಗದ ರೈಲು

ಕಬ್ಬನ್ ಪಾರ್ಕಿನ ಬಾಲಭವನದಲ್ಲಿ ಒಂದು ಪುಟಾಣಿ ರೈಲಿದೆ. ಮರಗಳ ನಡುವೆ ಸುತ್ತು ಹಾಕಿ, ಹತ್ತಿದ ಜಾಗಕ್ಕೇ ತಂದು ಇಳಿಸುತ್ತದೆ. ಒಮ್ಮೆ ಟಿಕೆಟ್ ಸಾಲಿನಲ್ಲಿ ನನ್ನ ಮುಂದಿದ್ದ ಹುಡುಗಿ ಕೇಳಿದಳು: "ಅಪ್ಪಾ, ಈ ರೈಲು ಯಾವ ಊರಿಗೆ ಹೋಗತ್ತೆ?" "ಯಾವ ಊರಿಗೂ ಇಲ್ಲ ಪುಟ್ಟಿ, ಸುಮ್ನೆ" ಎಂದರು ಅವರು. ಆ 'ಸುಮ್ನೆ' ನನ್ನ ಜೊತೆ ಮನೆಯವರೆಗೂ ಬಂತು.

ದೊಡ್ಡವರ ಲೋಕದಲ್ಲಿ 'ಸುಮ್ಮನೆ'ಗೆ ಮರ್ಯಾದೆ ಕಡಿಮೆ. ಬೆಳಿಗ್ಗೆ ಇದೇ ಪಾರ್ಕಿನಲ್ಲಿ ಬೆವರು ಸುರಿಸಿ ನಡೆಯುವವರು ಶಿಸ್ತಿನವರು; ಮಧ್ಯಾಹ್ನ ಮರದ ನೆರಳಲ್ಲಿ ಮಲಗಿದವನು ಸೋಮಾರಿ. ಅವನು ರಾತ್ರಿ ಪಾಳಿ ಮುಗಿಸಿ ಬಂದ ಕಾವಲುಗಾರನಿರಬಹುದಲ್ಲ, ಎಂದುಕೊಂಡೆ. ಮರುಕ್ಷಣವೇ ನಾಚಿಕೆಯಾಯಿತು. ಅವನ ನಿದ್ದೆಗೆ ನಾನೇಕೆ ಕಾರಣ ಹುಡುಕಬೇಕು? ದುಡಿದು ಬಂದವನಿಗೆ ಮಾತ್ರ ನೆರಳೇ?

1870ರಲ್ಲಿ ಎಂಜಿನಿಯರ್ ರಿಚರ್ಡ್ ಸ್ಯಾಂಕಿ ಈ ಉದ್ಯಾನವನ್ನು ರೂಪಿಸಿದಾಗ ಇದು ಮೀಡ್ಸ್ ಪಾರ್ಕ್. ಆಮೇಲೆ ಕಬ್ಬನ್ ಪಾರ್ಕ್. 1927ರಿಂದ ಕಾಗದದ ಮೇಲೆ ಶ್ರೀ ಚಾಮರಾಜೇಂದ್ರ ಉದ್ಯಾನ. ಹೆಸರುಗಳೆಲ್ಲ ಅಧಿಕಾರದಲ್ಲಿದ್ದವರವು. ಆದರೆ ಇಂದು ಒಳಗೆ ಬರಲು ಯಾವ ಹೆಸರೂ ಬೇಡ, ಹಣವೂ ಬೇಡ. ಹೋಟೆಲಿನಲ್ಲಿ ಕೂರಲು ಕಾಫಿಯನ್ನಾದರೂ ಕೊಳ್ಳಬೇಕಾದ ಈ ನಗರದಲ್ಲಿ ಇದು ಸಣ್ಣ ಸಂಗತಿಯಲ್ಲ.

ಕಾಯಕವನ್ನು ಪೂಜೆಯ ಎತ್ತರಕ್ಕೆ ಏರಿಸಿದ ನಾಡು ನಮ್ಮದು, ಇಲ್ಲಿ ಸುಮ್ಮನಿರುವುದನ್ನು ಹೊಗಳಬಹುದೇ ಎಂದು ನೀವು ಕೇಳಬಹುದು. ಕಾಯಕದ ವಿಚಾರ ತಿರಸ್ಕರಿಸಿದ್ದು ಪರರ ದುಡಿಮೆಯ ಮೇಲೆ ಬದುಕುವುದನ್ನು, ವಿಶ್ರಾಂತಿಯನ್ನಲ್ಲ. ಹಾಗಿದ್ದರೂ ಆ ಪ್ರಶ್ನೆ ನನ್ನನ್ನು ಪೂರ್ತಿ ಬಿಡುವುದಿಲ್ಲ. ನಾನು ಬೆಂಚಿನ ಮೇಲೆ ಸುಮ್ಮನೆ ಕೂತಿರುವಾಗ ಒಬ್ಬ ಹೆಂಗಸು ಬಗ್ಗಿ ತರಗೆಲೆ ಗುಡಿಸುತ್ತಿರುತ್ತಾಳೆ. ನನ್ನ ಬಿಡುವಿನ ಅಡಿಯಲ್ಲಿ ಅವಳ ದುಡಿಮೆಯಿದೆ. ಈ ಮರಗಳನ್ನು ನೆಟ್ಟವರಲ್ಲಿ ಎಷ್ಟೋ ಜನ ಇಷ್ಟು ನೆರಳನ್ನು ನೋಡಿಯೇ ಇಲ್ಲ. ಆ ಋಣವನ್ನು ತೀರಿಸಲಾರೆ. ಕಡಲೆಕಾಯಿ ಸಿಪ್ಪೆಯನ್ನು ಹುಲ್ಲಿಗೆ ಚೆಲ್ಲದೆ ಜೇಬಿಗೆ ಹಾಕಿಕೊಳ್ಳಬಲ್ಲೆ. ಅವಳೂ ಅರ್ಧ ಗಂಟೆ ಈ ಬೆಂಚಿನಲ್ಲಿ ಕೂರುವಂತಾಗಬೇಕು ಎಂದು ಬಯಸಬಲ್ಲೆ. ಎಲ್ಲರಿಗೂ ಸಿಗದ ಬಿಡುವು ಹಕ್ಕಲ್ಲ, ಕೆಲವರ ಸವಲತ್ತು ಅಷ್ಟೇ.

ರೈಲು ಸುತ್ತು ಮುಗಿಸಿ ನಿಂತಿತು. ಹುಡುಗಿ ಇಳಿದವಳೇ ಮತ್ತೆ ಸಾಲಿನ ಕೊನೆಗೆ ಓಡಿದಳು. ಈ ಸಲ ಯಾವ ಊರೆಂದು ಕೇಳಲಿಲ್ಲ.