ನೋವಿರುವಾಗ ಓಡಬೇಕೇ?



ಇಂದಿನ ಚಿಂತನೆಯ ಪ್ರಶ್ನೆ ನಮ್ಮ ಭಾನುವಾರದ ಕೂಟದಲ್ಲೇ ಹುಟ್ಟಿದ್ದು. ಮುಂದಿನ ತಿಂಗಳು ಅರ್ಧ ಮ್ಯಾರಥಾನ್ ಓಡಲು ನಾನು ಹೆಸರು ಕೊಟ್ಟಿರುವುದು ನಿಮಗೆ ಗೊತ್ತು. 21.1 ಕಿಲೋಮೀಟರ್. ನಾಲ್ಕು ತಿಂಗಳಿಂದ ಎಡಗಾಲಿನ ಹಿಮ್ಮಡಿ ನೋವು ಬಿಟ್ಟಿಲ್ಲ. ಹಾಗಾಗಿ ಓಟವನ್ನು ಅರ್ಧಕ್ಕೆ ಇಳಿಸಿದ್ದೇನೆ ಎಂದೆ. ಅದಕ್ಕೆ ನಮ್ಮ ಹುಡುಗನೊಬ್ಬ, "ಸರ್, ಬಾಬಾಸಾಹೇಬರು ಸಕ್ಕರೆ ಕಾಯಿಲೆ, ಕಾಲುನೋವು ಎಲ್ಲ ಇಟ್ಟುಕೊಂಡೇ ರಾತ್ರಿಯೆಲ್ಲ ಬರೆದರು. ನೀವು ಒಂದು ಹಿಮ್ಮಡಿಗೆ ಹೆದರ್ತೀರಾ?" ಅಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಅದು ನಕ್ಕು ಬಿಡುವ ಪ್ರಶ್ನೆಯಲ್ಲ. ಹಿಂದೆ ಸರಿಯಬಾರದು ಎಂಬ ಮಾತನ್ನು ಕೇಳುತ್ತಲೇ ಬೆಳೆದವರು ನಾವು. ನೋವು ನುಂಗಿ ಮುಂದೆ ಹೋಗುವುದು ಯಾವಾಗ ಛಲ, ಯಾವಾಗ ಬರೀ ತಣ್ಹಾ?

ಮೊದಲು ಈ ನೋವಿನ ಗುಣ ಹೇಳುತ್ತೇನೆ. ಅಂಗಾಲಿನಲ್ಲಿ ಹಿಮ್ಮಡಿಯಿಂದ ಬೆರಳಿನ ಬುಡದವರೆಗೆ ದಪ್ಪ ಪಟ್ಟಿಯಂಥದ್ದೊಂದು ಇದೆ. ಅದಕ್ಕೆ ಪೆಟ್ಟಾದರೆ ವೈದ್ಯರು ಪ್ಲಾಂಟರ್ ಫೇಸಿಯೈಟಿಸ್ ಎನ್ನುತ್ತಾರೆ. ಓಡುವವರಿಗೆ ಬರುತ್ತದೆ, ದಿನವಿಡೀ ಗಟ್ಟಿ ನೆಲದ ಮೇಲೆ ನಿಲ್ಲುವವರಿಗೂ ಬರುತ್ತದೆ. ಮೇಷ್ಟ್ರುಗಳಿಗೆ ಎರಡೂ ಕಡೆಯಿಂದ ದಾರಿ! ಬೆಳಿಗ್ಗೆ ಹಾಸಿಗೆಯಿಂದ ಇಳಿದು ಇಡುವ ಮೊದಲ ಹೆಜ್ಜೆಗೆ ಮೊಳೆ ಚುಚ್ಚಿದಂತಾಗುತ್ತದೆ. ನಾಲ್ಕು ಹೆಜ್ಜೆ ನಡೆದರೆ ಕಮ್ಮಿ. ಓಡಲು ಶುರುಮಾಡಿ ಮೈ ಬೆಚ್ಚಗಾದರೆ ಎಷ್ಟೋ ದಿನ ನೋವೇ ಇರುವುದಿಲ್ಲ. ಇನ್ನೂ ನಾಲ್ಕು ಕಿಲೋಮೀಟರ್ ಓಡಬಹುದು ಅನ್ನಿಸುತ್ತದೆ. ಲೆಕ್ಕ ಬರುವುದು ಮರುದಿನ ಬೆಳಿಗ್ಗೆ.

ಅಂದರೆ ಓಡುವ ಹೊತ್ತಿನಲ್ಲಿ ಮನಸ್ಸು ಹೇಳುವುದನ್ನು ನಂಬುವಂತಿಲ್ಲ. "ಏನೂ ಆಗಿಲ್ಲ, ನಡಿ" ಎನ್ನುವ ದನಿ ಧೈರ್ಯದ್ದಿರಬಹುದು, ಕೊರಳಿಗೆ ಬೀಳುವ ಪದಕದ್ದೂ ಇರಬಹುದು. ಎರಡರ ಗಂಟಲೂ ಒಂದೇ ಥರ.

ಇಂಥ ಕಡೆ ನನಗೆ ನೆನಪಾಗುವುದು ಸೋಣ. ವಿನಯ ಪಿಟಕದ ಮಹಾವಗ್ಗದಲ್ಲಿ ಅವನ ಕಥೆ ಬರುತ್ತದೆ. ಚಂಪಾ ನಗರದ ಸಿರಿವಂತರ ಮಗ, ಮೃದು ಪಾದದವನು. ಸಂಘ ಸೇರಿದ ಮೇಲೆ ರಾಜಗೃಹದ ಸೀತವನದಲ್ಲಿ ಹಟ ಹಿಡಿದು ನಡೆದಾಟದ ಧ್ಯಾನಕ್ಕೆ ಇಳಿದ. ಅಂಗಾಲು ಒಡೆದು ನಡೆಯುವ ದಾರಿಯೆಲ್ಲ ರಕ್ತವಾಯಿತು. ಇಷ್ಟು ಪಟ್ಟರೂ ಬಿಡುಗಡೆ ಇಲ್ಲವಲ್ಲ, ಮನೆಗೆ ಹೋಗಿ ದಾನಧರ್ಮ ಮಾಡಿಕೊಂಡಿರೋಣ ಎಂದು ಯೋಚಿಸಿದ. ಗಮನಿಸಿ, ಅತಿಯಾಗಿ ಎಳೆದವನೇ ಪೂರ್ತಿ ಬಿಟ್ಟುಬಿಡುವ ಯೋಚನೆಗೆ ಬರುತ್ತಾನೆ. ಓಟಗಾರರಲ್ಲೂ ಇದನ್ನು ಕಂಡಿದ್ದೇನೆ. ಮನೆಯಲ್ಲಿದ್ದಾಗ ಅವನು ವೀಣೆ ನುಡಿಸುತ್ತಿದ್ದವನು. ಬುದ್ಧರು ಅದನ್ನೇ ಹಿಡಿದು, ತಂತಿ ಅತಿ ಬಿಗಿಯಾದರೆ ನುಡಿಯುತ್ತದೆಯೇ, ಸಡಿಲವಾದರೆ ನುಡಿಯುತ್ತದೆಯೇ ಎಂದು ಕೇಳಿದರು.

ವೀಣೆಯ ಮಾತು ಎಲ್ಲರಿಗೂ ಗೊತ್ತು. ಅದರ ಮುಂದಿನದ್ದನ್ನು ನಾವು ಹೆಚ್ಚು ಹೇಳುವುದಿಲ್ಲ. ನೀನು ಸುಕುಮಾರ, ಒಂದು ಪದರದ ಪಾದರಕ್ಷೆ ಹಾಕಿಕೋ ಎಂದು ಬುದ್ಧರು ಸೋಣನಿಗೆ ಅನುಮತಿ ಕೊಟ್ಟರು. ಅವನು ಒಪ್ಪಲಿಲ್ಲ. ಬಂಡಿಗಟ್ಟಲೆ ಚಿನ್ನ ಬಿಟ್ಟು ಬಂದವನು ಒಂದು ಜೊತೆ ಚಪ್ಪಲಿಗೆ ಅಂಟಿಕೊಂಡ ಎಂದು ಜನ ಆಡಿಕೊಳ್ಳುತ್ತಾರೆ. ಇಡೀ ಸಂಘಕ್ಕೆ ಕೊಟ್ಟರೆ ನಾನೂ ಹಾಕುತ್ತೇನೆ ಎಂದ. ಬುದ್ಧರು ಎಲ್ಲ ಭಿಕ್ಷುಗಳಿಗೂ ಅನುಮತಿ ಕೊಟ್ಟರು. ಒಬ್ಬನ ಪಾದದ ಗಾಯದಿಂದ ಎಲ್ಲರ ಪಾದಕ್ಕೂ ರಕ್ಷೆ ಬಂತು. ಊರ ಬೀದಿಯಲ್ಲಿ ಚಪ್ಪಲಿ ಮೆಟ್ಟಬಾರದೆಂದು ಕೈಯಲ್ಲಿ ಹಿಡಿದು ನಡೆದ ಹಿರಿಯರ ಮಕ್ಕಳಾದ ನಮಗೆ ಈ ಕಥೆ ಬೇರೆಯದೇ ಭಾರದಲ್ಲಿ ಕೇಳಿಸಬೇಕು.

ಇನ್ನು ಆ ಹುಡುಗನ ಪ್ರಶ್ನೆ. ಬಾಬಾಸಾಹೇಬರು ದೇಹ ಕುಸಿಯುತ್ತಿದ್ದಾಗಲೂ ಬರೆದದ್ದು ನಿಜ. 'ಬುದ್ಧ ಮತ್ತು ಆತನ ಧಮ್ಮ' ಅಚ್ಚಾಗಿ ಬಂದದ್ದು ಅವರು ಹೋದ ಮೇಲೆ, 1957ರಲ್ಲಿ. ಆ ಕೆಲಸವನ್ನು ಅವರ ಬದಲು ಮಾಡುವವರು ಇರಲಿಲ್ಲ, ಕಾಲವೂ ಇರಲಿಲ್ಲ. ನನ್ನ 21 ಕಿಲೋಮೀಟರನ್ನು ಅದರ ಪಕ್ಕದಲ್ಲಿ ಇಡಲು ನನಗೇ ನಾಚಿಕೆ. ಅದೇ ಬಾಬಾಸಾಹೇಬರು 1942ರಿಂದ 1946ರವರೆಗೆ ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡಿಕೊಂಡರು. ಕಾರ್ಖಾನೆಯ ವಾರದ ದುಡಿಮೆ 54 ಗಂಟೆಯಿಂದ 48ಕ್ಕೆ ಇಳಿದದ್ದು, ಸಂಬಳ ಸಹಿತ ರಜೆ ಕಾನೂನಾದದ್ದು ಆ ಕಾಲದಲ್ಲಿ. ತಾನು ವಿಶ್ರಾಂತಿ ಪಡೆಯದ ಮನುಷ್ಯ ದುಡಿಯುವವರ ವಿಶ್ರಾಂತಿಯನ್ನು ಹಕ್ಕು ಮಾಡಿದರು. ಇದನ್ನೂ ಅವರಿಂದ ಕಲಿಯಬೇಕಲ್ಲವೇ?

ನಮ್ಮವ್ವನಿಗೂ ಇದೇ ಹಿಮ್ಮಡಿ ನೋವಿತ್ತು. ರಾತ್ರಿ ಹರಳೆಣ್ಣೆ ಬಿಸಿಮಾಡಿ ಸವರಿಕೊಂಡು, ಬೆಳಿಗ್ಗೆ ಕುಂಟುತ್ತಾ ನಾಟಿಗೆ ಹೋಗುತ್ತಿದ್ದಳು. ಒಂದು ದಿನ ಕೂತರೆ ಆ ದಿನದ ಕೂಲಿ ಇಲ್ಲ. ಅದನ್ನು ನಾವು ಸಹನೆ ಎಂದು ಹೊಗಳುತ್ತೇವೆ. ನನಗೆ ಈಗೀಗ ಆ ಹೊಗಳಿಕೆ ಸರಿ ಅನ್ನಿಸುವುದಿಲ್ಲ. ಆಯ್ಕೆಯೇ ಇಲ್ಲದವಳ ಕುಂಟು ನಡಿಗೆಯನ್ನು ಆಯ್ಕೆ ಇರುವ ನಾನು ಅಭಿನಯಿಸಿದರೆ ಅದರಲ್ಲಿ ಅವಳಿಗೆ ಗೌರವ ಎಲ್ಲಿದೆ? ಬುದ್ಧರೇ ಒಮ್ಮೆ ಕಪಿಲವಸ್ತುವಿನ ಹೊಸ ಸಭಾಭವನದಲ್ಲಿ ಬೆನ್ನು ನೋಯುತ್ತಿದೆ ಎಂದು ಹೇಳಿ, ಉಪದೇಶವನ್ನು ಆನಂದನಿಗೆ ವಹಿಸಿ ಮಲಗಿದರು. ಮಜ್ಝಿಮ ನಿಕಾಯದಲ್ಲಿ ಅದು ಯಾವ ಮುಜುಗರವೂ ಇಲ್ಲದೆ ದಾಖಲಾಗಿದೆ.

ಹಾಗೆಂದು ನೋವಿನ ನೆಪದಲ್ಲಿ ಹೊದ್ದು ಮಲಗುವುದೂ ಸುಲಭ. ಅಷ್ಟಾಂಗ ಮಾರ್ಗದಲ್ಲಿ ಪ್ರಯತ್ನಕ್ಕೆ ಇರುವ ಹೆಸರು ಸಮ್ಮಾ ವಾಯಾಮ, ಸಂಸ್ಕೃತದಲ್ಲಿ ವ್ಯಾಯಾಮ. ಕನ್ನಡದಲ್ಲಿ ನಾವು ಆ ಪದವನ್ನು ದಂಡ ಬಸ್ಕಿಗೆ ಮೀಸಲಿಟ್ಟಿದ್ದೇವೆ. ಈ ನೋವಿನಲ್ಲಿ ಎರಡು ಅರ್ಥವೂ ಒಟ್ಟಿಗೆ ಬೇಕು, ಏಕೆಂದರೆ ಪೂರ್ತಿ ವಿಶ್ರಾಂತಿಯಿಂದ ಆ ಪಟ್ಟಿಗೆ ಬಲ ಬರುವುದಿಲ್ಲ. ದಿನ ಬಿಟ್ಟು ದಿನ ಮೆಟ್ಟಿಲಿನ ಅಂಚಿನಲ್ಲಿ ನಿಂತು, ಬೆರಳ ಕೆಳಗೆ ಮಡಿಸಿದ ಟವೆಲ್ ಇಟ್ಟು, ಹಿಮ್ಮಡಿಯನ್ನು ನಿಧಾನವಾಗಿ ಎತ್ತಿ ಇಳಿಸುತ್ತೇನೆ. ಓಟಕ್ಕಿಂತ ಬೇಸರದ ಕೆಲಸ. ಯಾರೂ ಫೋಟೋ ತೆಗೆಯುವುದಿಲ್ಲ.

ಎಷ್ಟು ಓಡಬೇಕು ಎಂಬುದಕ್ಕೆ ರಾಹುಲನಿಗೆ ಬುದ್ಧರು ಕೊಟ್ಟ ಬುದ್ಧಿಮಾತನ್ನು ಇಟ್ಟುಕೊಂಡಿದ್ದೇನೆ. ಕೆಲಸ ಮಾಡುವ ಮೊದಲು ನೋಡು, ಮಾಡುವಾಗ ನೋಡು, ಮಾಡಿದ ಮೇಲೂ ನೋಡು ಎಂಬುದು ಅದರ ಸಾರ. ಮೂರನೆಯದನ್ನೇ ನಾವು ಬಿಡುವುದು. ನನ್ನ ಮೂರನೆಯ ನೋಟ ಮರುದಿನ ಬೆಳಿಗ್ಗೆಯ ಮೊದಲ ಹೆಜ್ಜೆ. ನೋವು ಹಿಂದಿನ ದಿನದಷ್ಟೇ ಇದ್ದರೆ ಮುಂದಿನ ಓಟಕ್ಕೆ ಅರ್ಧ ಕಿಲೋಮೀಟರ್ ಸೇರಿಸುತ್ತೇನೆ, ಹೆಚ್ಚಿದ್ದರೆ ಎರಡು ಕಿಲೋಮೀಟರ್ ಕಳೆಯುತ್ತೇನೆ. ಇಂದಿಗೆ 9 ಕಿಲೋಮೀಟರಿಗೆ ಬಂದಿದ್ದೇನೆ. ಹೀಗೇ ಹೋದರೆ ಮುಂದಿನ ತಿಂಗಳಿಗೆ 21 ತಲುಪುವ ಲೆಕ್ಕ ಕೂಡುವುದಿಲ್ಲ. 10 ಕಿಲೋಮೀಟರಿಗೆ ಹೆಸರು ಬದಲಿಸಲು ಶುಕ್ರವಾರದವರೆಗೆ ಸಮಯವಿದೆ. ಆ ಹುಡುಗನೇ ಮೊಬೈಲಿನಲ್ಲಿ ಮಾಡಿಕೊಡುತ್ತೇನೆ ಎಂದಿದ್ದಾನೆ.