ಕರುಣೆಯನ್ನು ಕಲಿಸಬಹುದೇ?

ಬಿಜೂರಿನಂತಹ ಊರುಗಳಿಂದ ನಮ್ಮ ಮಕ್ಕಳು ಮಣಿಪಾಲ, ಮಂಗಳೂರುಗಳ ನರ್ಸಿಂಗ್ ಕಾಲೇಜುಗಳಿಗೆ ಹೋಗುತ್ತಾರೆ. ರೋಗಿಯ ಹಾಸಿಗೆಯ ಬಳಿಗೆ ಹೋಗುವ ಮುನ್ನ ಅವರು ಮನುಷ್ಯಾಕಾರದ ಬೊಂಬೆಗಳ ಮೇಲೆ ಕೈ ಪಳಗಿಸಿಕೊಳ್ಳುತ್ತಾರೆ. ಇದು ಹೊಸ ಪದ್ಧತಿಯೇನಲ್ಲ. 1911ರಲ್ಲೇ ಅಮೆರಿಕದ ಹಾರ್ಟ್‌ಫರ್ಡ್ ಆಸ್ಪತ್ರೆಯ ದಾದಿಯರ ಶಾಲೆಗೆ ಮಾರ್ಥಾ ಚೇಸ್ ಎಂಬವರು ಆಳೆತ್ತರದ ಬೊಂಬೆಯೊಂದನ್ನು ಮಾಡಿಕೊಟ್ಟಿದ್ದರು. ಭಾರತೀಯ ಶುಶ್ರೂಷಾ ಪರಿಷತ್ತಿನ ಪರಿಷ್ಕೃತ ಬಿ.ಎಸ್ಸಿ. ನರ್ಸಿಂಗ್ ಪಠ್ಯಕ್ರಮವು 2021ರಲ್ಲಿ ಪ್ರಕಟವಾದಾಗ ಅದರಲ್ಲೂ ಇಂತಹ ಅಣಕು ಅಭ್ಯಾಸಕ್ಕೆ ಸ್ಥಾನ ದೊರೆಯಿತು.

ಸೂಜಿ ಚುಚ್ಚುವುದನ್ನು ಬೊಂಬೆಯ ಮೇಲೆ ಕಲಿಯುವುದು ಸರಿಯೇ. ಆದರೆ ಕರುಣೆಯನ್ನೂ ಹೀಗೆ ಕಲಿಯಲಾದೀತೇ? ಹೆಸರು ಹೇಳಿ ಪರಿಚಯಿಸಿಕೊಳ್ಳುವುದು, ಮುಟ್ಟುವ ಮುನ್ನ ಒಪ್ಪಿಗೆ ಕೇಳುವುದು, ಪರದೆ ಎಳೆಯುವುದು ಇವೆಲ್ಲವನ್ನೂ ಅಂಕಗಳಿಗಾಗಿ ಮಾಡಿದರೆ ಅದು ಬರಿಯ ನಟನೆಯಾಗದೇ?

ಹಿರಿಯರು ಬಂದಾಗ ಎದ್ದು ನಿಲ್ಲುವಂತೆ ನಾವು ಮಗುವಿಗೆ ಹೇಳಿಕೊಡುತ್ತೇವೆ. ಮೊದಲು ಅದು ನಮ್ಮ ಮಾತಿಗಾಗಿ ಏಳುತ್ತದೆ; ಗೌರವದ ಅರ್ಥ ತಿಳಿಯುವುದು ಅನಂತರ. ಹಾಗೆಂದು ಮಗುವನ್ನು ಕಪಟಿ ಎನ್ನುವವರಿಲ್ಲ. ರಾತ್ರಿ ಪಾಳಿಯಲ್ಲಿ ದಣಿದ ದಾದಿಯ ಮನಸ್ಸಿನಲ್ಲಿ ಅಕ್ಕರೆ ಉಕ್ಕದಿರಬಹುದು. ಆಗಲೂ ಪರದೆ ಎಳೆಯಲು ಮರೆಯದ ಅವಳ ಕೈ ರೋಗಿಯ ಮಾನವನ್ನು ಕಾಯುತ್ತದೆ. ಆ ಅಭ್ಯಾಸವನ್ನು ಕೀಳಾಗಿ ಕಾಣಬಾರದು.

ಆದರೂ ಬೊಂಬೆಗೆ ನಾಚಿಕೆಯಿಲ್ಲ, ಸಿಡುಕಿಲ್ಲ, ಭಯವಿಲ್ಲ. ನಾವು ಏನು ಮಾಡಿದರೂ ಅದು ಸಹಿಸುತ್ತದೆ. ಆದುದರಿಂದಲೇ ಕೆಲವು ಪಾಠಗಳಲ್ಲಿ ವಿದ್ಯಾರ್ಥಿನಿಯೇ ರೋಗಿಯಾಗಿ ಮಲಗುತ್ತಾಳೆ. ಮಾತಿಲ್ಲದೆ ಯಾರೋ ಹೊದಿಕೆ ಸರಿಸಿದಾಗ ಅವಳ ಮೈಗೆ ತಿಳಿಯುವ ಸಂಗತಿ ಪುಸ್ತಕದಿಂದ ತಿಳಿಯದು. ಅಭ್ಯಾಸ ಮುಗಿದ ಮೇಲೆ ಎಲ್ಲರೂ ಕುಳಿತು ಚರ್ಚಿಸುವಾಗ, ಆರೈಕೆ ಮಾಡಿದವಳು ಎಲ್ಲ ಹಂತಗಳನ್ನೂ ಪೂರೈಸಿದೆನೆಂದು ಹೇಳಬಹುದು. ಮಲಗಿದ್ದವಳನ್ನು ‘ನಿನಗೆ ಹೇಗನಿಸಿತು?’ ಎಂದು ಕೇಳಿದಾಗಲೇ ನಿಜವಾದ ಪರೀಕ್ಷೆ ನಡೆಯುತ್ತದೆ. ಆರೈಕೆ ಹೇಗಿತ್ತೆಂದು ಹೇಳುವ ಹಕ್ಕು ಅದನ್ನು ಪಡೆದವರದು.

ಈ ಪ್ರಶ್ನೆಯನ್ನು ಕಾಲೇಜಿಗೆ ಮಾತ್ರ ಬಿಟ್ಟುಕೊಟ್ಟು ನಾವು ಸುಮ್ಮನಿರಬಹುದೇ? ನಮ್ಮ ಮನೆಗಳಲ್ಲಿಯೂ ಹಾಸಿಗೆ ಹಿಡಿದ ಹಿರಿಯರಿದ್ದಾರೆ. ಹೊತ್ತಿಗೆ ಸರಿಯಾಗಿ ಗಂಜಿ, ಔಷಧಿ ಕೊಡುತ್ತೇವೆ. ಮಗ್ಗುಲು ಬದಲಿಸುವ ಮುನ್ನ ‘ಅಮ್ಮಾ, ಈಗ ಹೊರಳಿಸಲೇ?’ ಎಂದು ಕೇಳುತ್ತೇವೆಯೇ? ಕುಂದಾಪುರ ಕನ್ನಡದಲ್ಲಿಯೋ ಕೊಂಕಣಿಯಲ್ಲಿಯೋ ಅವರು ತೋಡಿಕೊಳ್ಳುವ ಸಂಕಟವನ್ನು ಕೊನೆಯವರೆಗೆ ಆಲಿಸುತ್ತೇವೆಯೇ? ಹಾಗೆ ಕೇಳುವ, ಆಲಿಸುವ ತಂದೆತಾಯಿಯರನ್ನು ಕಂಡು ಬೆಳೆದ ಮಗುವಿಗೆ ಕಾಲೇಜಿನ ಪಾಠವು ಪರಿಚಿತ ಮಾತಿನಂತೆ ಕೇಳಿಸುತ್ತದೆ.