ಮನೆಯೊಳಗಿನ ವೈಯಾವೃತ್ಯ



ಪರ್ವದಿನಗಳು ಸಮೀಪಿಸಿದೊಡನೆ ನಮ್ಮ ಮನೆಗಳಲ್ಲಿ ಯಾರು ಎಷ್ಟು ಉಪವಾಸ ಮಾಡುವರೆಂಬ ಮಾತು ಮೊದಲಾಗುತ್ತದೆ. ಹಾಸಿಗೆ ಹಿಡಿದ ಹಿರಿಯರ ಬಳಿ ಯಾರು ಇರುವರೆಂಬ ಮಾತು ಕಟ್ಟಕಡೆಗೆ ಬರುತ್ತದೆ. ಹಾಗೆ ಉಳಿದುಕೊಂಡ ಸೊಸೆಯನ್ನೋ ಮಗಳನ್ನೋ ಕುರಿತು, ‘ಆಕೆ ಈ ಸಲ ಬಸದಿಗೆ ಬರಲೇ ಇಲ್ಲ’ ಎಂದು ಹೇಳುವವರೂ ಇರುತ್ತಾರೆ. ಶಾಸ್ತ್ರ ಈ ವಿಷಯದಲ್ಲಿ ಏನೆನ್ನುತ್ತದೆಂದು ವಿಚಾರಿಸೋಣ.

ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಬಾಹ್ಯತಪ ಆರು, ಅಭ್ಯಂತರತಪ ಆರು. ಅನಶನವು ಬಾಹ್ಯತಪಗಳಲ್ಲಿ ಮೊದಲನೆಯದು. ವೈಯಾವೃತ್ಯವಾದರೋ ಅಭ್ಯಂತರತಪಗಳಲ್ಲಿ ಸ್ವಾಧ್ಯಾಯ, ಧ್ಯಾನಗಳ ಪಂಕ್ತಿಯಲ್ಲಿ ಕುಳಿತಿದೆ. ಸೇವೆಗೆ ಪಾತ್ರರಾದ ಹತ್ತು ಬಗೆಯವರಲ್ಲಿ ಗ್ಲಾನ, ಅಂದರೆ ರೋಗಪೀಡಿತನೂ ಒಬ್ಬ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ವೈಯಾವೃತ್ಯವನ್ನು ಗೃಹಸ್ಥನ ಶಿಕ್ಷಾವ್ರತವನ್ನಾಗಿಯೇ ಇಟ್ಟರು. ಅಲ್ಲಿ ಮುಖ್ಯವಾದುದು ಸಂಯಮಿಗಳ ಸೇವೆ, ನಿಜ. ಆದರೆ ಮುನಿಗಳ ಪಾದಸೇವೆಗೆ ಧಾವಿಸಿ, ಮನೆಯಲ್ಲಿ ಅಜ್ಜಿಯ ಕಾಲು ಬಾತಿರುವುದನ್ನು ಕಾಣದವನು ಆ ವ್ರತದ ಅಕ್ಷರವನ್ನಷ್ಟೇ ಓದಿದವನು.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ನಮ್ಮ ಸೀಮೆಯಲ್ಲಿ ಈ ಪ್ರಶ್ನೆ ತೀವ್ರವಾಗಲು ಬೇರೆ ಕಾರಣವೂ ಉಂಟು. ಅಳಿಯಸಂತಾನದ ಕೂಡುಕುಟುಂಬದಲ್ಲಿ ವೃದ್ಧ ಸೋದರಮಾವನಿಗೆ ಅಳಿಯಂದಿರಿದ್ದರು, ಅಜ್ಜಿಗೆ ಹೆಣ್ಣುಮಕ್ಕಳೂ ಮೊಮ್ಮಕ್ಕಳೂ ಅದೇ ಸೂರಿನಡಿ ಇದ್ದರು. 1949ರ ಮದ್ರಾಸು ಅಳಿಯಸಂತಾನ ಕಾಯಿದೆಯಿಂದ ಪಾಲಿಗೆ ದಾರಿಯಾಯಿತು. 1956ರ ಉತ್ತರಾಧಿಕಾರ ಕಾಯಿದೆ ಬಂತು. 1974ರ ಭೂಸುಧಾರಣೆಯ ತಿದ್ದುಪಡಿಯ ತರುವಾಯ ಗೇಣಿಯೂ ನಿಂತಿತು. ಮಕ್ಕಳು ಮುಂಬಯಿ, ಬೆಂಗಳೂರು ಸೇರಿದರು. ಅದು ತಪ್ಪೆನ್ನಲಾರೆ. ಆದರೆ ಪಾಲುಪಟ್ಟಿಯಲ್ಲಿ ಗದ್ದೆ, ತೋಟ, ಪಾತ್ರೆಗಳೆಲ್ಲ ಬರೆಯಲ್ಪಟ್ಟವು. ಹಿರಿಯರ ಶುಶ್ರೂಷೆ ಯಾರ ಪಾಲಿಗೆಂದು ಬರೆದುದನ್ನು ನಾನು ಕಂಡಿಲ್ಲ. ಕಡೆಗೆ 2007ರಲ್ಲಿ ತಂದೆತಾಯಿಗಳ ಪೋಷಣೆಗೆ ಸರಕಾರವೇ ಕಾಯಿದೆ ಮಾಡಬೇಕಾಯಿತು. ಮಕ್ಕಳಿಲ್ಲದ ವೃದ್ಧರನ್ನು ಅವರ ಆಸ್ತಿಗೆ ಬಾಧ್ಯನಾದವನು ಪೋಷಿಸಬೇಕೆಂದೂ ಅದರಲ್ಲಿದೆ.

ಇನ್ನು ಹಿರಿಯರ ಉಪವಾಸದ ವಿಷಯ. ಐವತ್ತು ವರ್ಷ ಅಷ್ಟಮಿ, ಚತುರ್ದಶಿಗಳನ್ನು ಬಿಡದೆ ನಡೆಸಿದವರಿಗೆ ಎಪ್ಪತ್ತೈದರಲ್ಲಿ ‘ಬೇಡ’ ಎಂದರೆ ನೋವಾಗುತ್ತದೆ. ಆದರೆ ಸಕ್ಕರೆ ಕಾಯಿಲೆಯ ಕೆಲವು ಮಾತ್ರೆಗಳನ್ನು ನುಂಗಿ ಅಥವಾ ಇನ್ಸುಲಿನ್ ಚುಚ್ಚಿಸಿಕೊಂಡು ಆಹಾರ ಬಿಟ್ಟರೆ ರಕ್ತದ ಸಕ್ಕರೆ ಇಳಿದು ಬೆವರು, ನಡುಕ, ಬುದ್ಧಿಭ್ರಮೆ ತೋರುತ್ತದೆ. ವಯಸ್ಸಾದವರಿಗೆ ಬಾಯಾರಿಕೆಯೇ ಸರಿಯಾಗಿ ತಿಳಿಯದು. ರಕ್ತದೊತ್ತಡದ ಮಾತ್ರೆಯ ಮೇಲೆ ನೀರನ್ನೂ ಬಿಟ್ಟರೆ ಎದ್ದು ನಿಂತೊಡನೆ ತಲೆ ಸುತ್ತಿ ಬಿದ್ದು ಸೊಂಟದ ಎಲುಬು ಮುರಿಯಬಹುದು. ಷೋಡಶಭಾವನೆಗಳಲ್ಲಿ ಬರಿಯ ತಪವನ್ನು ಹೇಳಿಲ್ಲ, ಶಕ್ತಿಗೆ ತಕ್ಕ ತಪವನ್ನು ಹೇಳಿದೆ. ಅನಶನವಾಗದಿದ್ದರೆ ರಸಪರಿತ್ಯಾಗವಿದೆ. ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲಸಕ್ಕರೆ, ಉಪ್ಪು ಇವುಗಳಲ್ಲಿ ಒಂದನ್ನು ಬಿಡಬಹುದು. ಉಪ್ಪನ್ನು ಮಾತ್ರ ಪೂರ್ತಿ ಬಿಡುವ ಮೊದಲು ವೈದ್ಯರನ್ನು ಕೇಳತಕ್ಕದ್ದು. ಮೂತ್ರ ಹೋಗುವ ಮಾತ್ರೆ ತೆಗೆದುಕೊಳ್ಳುವ ವೃದ್ಧರಿಗೆ ಅದರಿಂದ ಮಂಪರು ಕವಿಯುವುದುಂಟು. ಮಾತ್ರೆಯ ಪ್ರಮಾಣವನ್ನೂ ಪರ್ವಕ್ಕೆ ಮೊದಲೇ ಕೇಳಿಕೊಳ್ಳಬೇಕು, ತಾವೇ ಬಿಡಬಾರದು.

ರಾತ್ರಿ ಸಕ್ಕರೆ ಇಳಿದಾಗ ಬೆಲ್ಲದ ನೀರು ಕೊಡಲು ರಾತ್ರಿಭೋಜನತ್ಯಾಗ ಅಡ್ಡಿಯೇ ಎಂದು ಕೇಳುವವರುಂಟು. ಎಚ್ಚರವಿದ್ದರೆ ತಡಮಾಡದೆ ಕೊಡಿರಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ. ದೋಷವೆನಿಸಿದರೆ ಗುರುಗಳಲ್ಲಿ ಅರಿಕೆ ಮಾಡಿಕೊಳ್ಳಬಹುದು. ಅಭ್ಯಂತರತಪಗಳಲ್ಲಿ ಮೊದಲನೆಯದು ಪ್ರಾಯಶ್ಚಿತ್ತವೇ ಅಲ್ಲವೆ? ಸಲ್ಲೇಖನದ ಮಾತನ್ನೂ ಇಲ್ಲಿ ಹಗುರವಾಗಿ ಎತ್ತಬಾರದು. ಅದು ಪ್ರತೀಕಾರವಿಲ್ಲದ ಸ್ಥಿತಿಗೆ, ವ್ರತಿಯ ಸ್ವಂತ ಸಂಕಲ್ಪಕ್ಕೆ ಸೇರಿದ್ದು. ಗುಣವಾಗುವ ರೋಗಕ್ಕೆ ಮದ್ದು ಕೊಡಿಸದಿರುವವನು ಆ ಹೆಸರನ್ನು ನಾಲಗೆಯ ಮೇಲೆ ತರಬಾರದು.

ಶುಶ್ರೂಷೆಯಲ್ಲಿ ಕಠಿಣವಾದುದು ಅಸಹ್ಯವನ್ನು ಗೆಲ್ಲುವುದು. ನಿರ್ವಿಚಿಕಿತ್ಸಾ ಅಂಗಕ್ಕೆ ಉದಾಹರಣೆಯಾದ ಉದ್ದಾಯನ ಮಹಾರಾಜನ ಕಥೆ ನಿಮಗೆಲ್ಲ ತಿಳಿದದ್ದು. ಕುಷ್ಠರೋಗಿ ಮುನಿಯ ವೇಷದಲ್ಲಿ ಬಂದ ದೇವನು ಉಂಡದ್ದನ್ನೆಲ್ಲ ವಾಂತಿ ಮಾಡಿದಾಗ ಪರಿಜನರು ದುರ್ಗಂಧಕ್ಕೆ ಓಡಿದರು. ರಾಜನು, ನಾನು ಕೊಟ್ಟ ಆಹಾರದಲ್ಲಿ ಏನು ದೋಷವಿತ್ತೋ ಎಂದು ಮರುಗಿ ಕೈಯಾರೆ ತೊಳೆದನು. ಇಂದು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಹಾಸಿಗೆ ಹುಣ್ಣಾಗದಂತೆ ಕಾಯುವ, ಒದ್ದೆ ಬಟ್ಟೆಯನ್ನು ಮುಖ ಸಿಂಡರಿಸದೆ ತೆಗೆಯುವ ಹೆಣ್ಣುಮಗಳು ಅದನ್ನೇ ಮಾಡುತ್ತಿದ್ದಾಳೆ. ರಾಜನೊಂದಿಗೆ ರಾಣಿ ಪ್ರಭಾವತಿಯಾದರೂ ಇದ್ದಳು. ಈಕೆಗೆ ಅನೇಕ ವೇಳೆ ಯಾರೂ ಇರುವುದಿಲ್ಲ.

ಆದಕಾರಣ ಬರುವ ಭಾದ್ರಪದದ ದಶಲಕ್ಷಣ ಪರ್ವಕ್ಕೆ ಒಂದು ಸೂಚನೆ. ಮಾಣಿಯ ಸುತ್ತಿನ ನಮ್ಮ ಮನೆಗಳಲ್ಲಿ ಗಂಡಸರೂ ಸೇರಿ ಹತ್ತು ದಿನಗಳ ಸರದಿ ಹಾಕಿಕೊಳ್ಳಲಿ. ಊರಿಗೆ ಬರುವ ಮಕ್ಕಳು ಬಸ್ಸಿನ ಟಿಕೇಟು ತೆಗೆಯುವಾಗಲೇ ತಮ್ಮ ದಿನವನ್ನು ತಿಳಿಸಲಿ. ಮಾತ್ರೆಗಳ ಹೊತ್ತನ್ನು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿರಿ. ಸರದಿಗೆ ಕುಳಿತವರು ಆ ದಿನದ ಧರ್ಮದ ಅಧ್ಯಾಯವನ್ನು ಹಿರಿಯರಿಗೆ ಕೇಳುವಂತೆ ಓದಿದರೆ ಸ್ವಾಧ್ಯಾಯವೂ ಆಯಿತು. ಅಷ್ಟರಲ್ಲಿ ಆಕೆ ಬಸದಿಗೆ ಹೋಗಿ ಅಭಿಷೇಕವನ್ನು ನೋಡಿ ಬರಲಿ.